ತಂತಿ ಬಿಗಿದ ಕೂಳಿ

ನಯಾ ಪೈಸೆ ಬಂದು ನಾಲ್ಕೈದು ವರ್ಷವಾಗಿತ್ತು. ಅಂದರೆ ಅರವತ್ತೊಂದೋ ಅರವತ್ತೆರಡೋ ಇರಬೇಕು. ನಾನಾಗ ಕನ್ನಡ ತೆಲುಗು ಎರಡೂ ಆಡುವ ಕಲ್ಯಾಣದುರ್ಗದಲ್ಲಿ ಒಂದು ಖಾಸಗಿ ಬಸ್ಸಿನವರ ಷೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ನಮ್ಮೂರು ಹಿಂದೂಪುರದ ಹತ್ತಿರ, ಲೇಪಾಕ್ಷಿ ದಾರಿಯಲ್ಲಿ ಒಂದು ಹಳ್ಳಿ. ಮದುವೆಯಾಗಿ ಒಂದು ವರ್ಷ ಆಗಿತ್ತಷ್ಟೆ. ಷೆಡ್ಡಿನ ಹಿಂದೆಯೇ ಒಂದು ಕೋಣೆ ಬಾಡಿಗೆಗೆ ಹಿಡಿದು ನಾನೂ ನನ್ನ ಹೆಂಡತಿ ಸುಬ್ಬಕ್ಕನೂ ಸಂಸಾರ ಹೂಡಿದ್ದೆವು.

ನನಗೊಂದು ಚಟವಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೀಡಿ ಅಲ್ಲ, ಹೆಂಡ ಅಲ್ಲ, ತಂತಿ. ಆಗಿನ ಬಸ್ಸುಗಳಿಗೆ ಒಂದು ಸಾಮಾನು ಬೇಕೆಂದರೆ ಬೆಂಗಳೂರಿಗೋ ಮದರಾಸಿಗೋ ಬರೆದು ಕಾಯಬೇಕು. ಅಲ್ಲಿಯವರೆಗೆ ಗಾಡಿ ಓಡಬೇಕಲ್ಲ? ಸೈಲೆನ್ಸರ್ ಜೋತು ಬಿದ್ದರೆ ತಂತಿ, ಮಡ್‌ಗಾರ್ಡ್ ಅಲ್ಲಾಡಿದರೆ ತಂತಿ, ಬಾಗಿಲು ಹಾಕಿಕೊಳ್ಳದಿದ್ದರೆ ತಂತಿ. ಮನೆಯಲ್ಲೂ ಅದೇ ಕಥೆ. ಬಕೆಟ್ಟಿನ ಹಿಡಿಗೆ, ಚಾಪೆಯ ಅಂಚಿಗೆ, ಚಪ್ಪಲಿಯ ಪಟ್ಟಿಗೆ ಎಲ್ಲದಕ್ಕೂ ತಂತಿ ಸುತ್ತುತ್ತಿದ್ದೆ. "ತಾಳಿನೂ ತಂತೀಲೇ ಕಟ್ಬುಟ್ಟಿದ್ರೆ ನಿಮ್ಮಪ್ಪಂಗೆ ಬಂಗಾರ ಉಳೀತಿತ್ತು ಕಣ್ರೀ" ಅಂತ ಸುಬ್ಬಕ್ಕ ಆಡಿಕೊಳ್ಳುತ್ತಿದ್ದಳು. ಸುತ್ತಿದ ತಂತಿಯ ತುದಿ ಕತ್ತರಿಸುವುದಕ್ಕೆ ಒಂದು ಕಟಿಂಗ್ ಪ್ಲೇಯರ್ ಸದಾ ನನ್ನ ನಿಕ್ಕರಿನ ಜೇಬಿನಲ್ಲಿ ಇರುತ್ತಿತ್ತು.

ನಮ್ಮ ಷೆಡ್ಡಿನಲ್ಲಿ ಓಬಳೇಸು ಅಂತ ಒಬ್ಬ ಡ್ರೈವರ್. ನನಗಿಂತ ಹದಿನೈದು ವರ್ಷ ದೊಡ್ಡವನು. ಭಾನುವಾರ ಡ್ಯೂಟಿ ಇಲ್ಲದಿದ್ದರೆ ಅವನು ಸೈಕಲ್ ಹತ್ತಿ ಮೂರು ಮೈಲಿ ದೂರದ ಒಂದು ಹಳ್ಳಿಯ ಕೆರೆಗೆ ಏಡಿ ಹಿಡಿಯಲು ಹೋಗುತ್ತಿದ್ದ. ಮಾರುವುದಕ್ಕಲ್ಲ, ಸುಮ್ಮನೆ ಖುಷಿಗೆ. ವಾರವೆಲ್ಲ ಸ್ಟೇರಿಂಗ್ ಹಿಡಿದು ಜನರ ಬೈಗುಳ ಕೇಳಿದವನಿಗೆ ನೀರ ಹತ್ತಿರ ಅರ್ಧ ದಿನ ಬಾಯಿ ಮುಚ್ಚಿ ಕೂರುವುದೇ ಒಂದು ಸುಖ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋದ. ನನಗೂ ರುಚಿ ಹತ್ತಿತು.

ಏಡಿ ಹಿಡಿಯುವುದಕ್ಕೆ ಅವನ ಹತ್ತಿರ ಕೂಳಿಗಳು ಇದ್ದವು. ಕೂಳಿ ಅಂದರೆ ಬಿದಿರು ಸೀಳಿ ಹೆಣೆದ ಉದ್ದನೆಯ ಬುಟ್ಟಿ. ಒಂದು ಕಡೆ ಬಾಯಿ. ಬಾಯಿಯಿಂದ ಒಳಮುಖವಾಗಿ ಚೂಪು ಕಡ್ಡಿಗಳು ಇರುತ್ತವೆ. ಒಳಗೆ ನುಗ್ಗುವಾಗ ಕಡ್ಡಿ ದಾರಿ ಬಿಡುತ್ತದೆ, ವಾಪಸು ಬರಲು ಹೋದರೆ ಚುಚ್ಚಿ ತಡೆಯುತ್ತದೆ. ಇನ್ನೊಂದು ಕಡೆ ಮುಚ್ಚಳ. ಒಳಗೆ ಕೋಳಿಯ ಕರುಳನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟು ನೀರಿನಲ್ಲಿ ಮುಳುಗಿಸಿ ಬಂದರೆ ಏಡಿ ವಾಸನೆ ಹಿಡಿದು ಬರುತ್ತದೆ. ಆಮೇಲೆ ಮುಚ್ಚಳ ಬಿಚ್ಚಿ ತೆಗೆದುಕೊಳ್ಳುವುದು.

ಓಬಳೇಸು ಶಾಸ್ತ್ರ ಬಹಳ ಮಾಡುತ್ತಿದ್ದ. ಏಡಿಯನ್ನು ಅಂಗಾತ ಹಿಡಿದು ಹೊಟ್ಟೆಯ ಮಡಿಕೆ ಎತ್ತಿ ನೋಡುತ್ತಿದ್ದ. ಒಳಗೆ ಸಾಸಿವೆ ಕಾಳಿನಷ್ಟು ಮರಿಗಳು ಅಂಟಿಕೊಂಡಿದ್ದರೆ "ಬಾಣಂತಿ ಕಣ್ಲಾ ಇದು, ಬಿಡು" ಅಂತ ನೀರಿಗೆ ಇಳಿಸುತ್ತಿದ್ದ. ಅಂಗೈಗಿಂತ ಸಣ್ಣದನ್ನೂ ಬಿಡುತ್ತಿದ್ದ. ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರವಂತೂ ಕೂಳಿ ಇಡಲು ಬಿಡುತ್ತಲೇ ಇರಲಿಲ್ಲ. ಪ್ರತಿ ಕೂಳಿಗೂ ಉದ್ದನೆಯ ಹಗ್ಗ ಕಟ್ಟಿ, ಹಗ್ಗದ ತುದಿಗೆ ಒಣಗಿದ ಸೋರೆಬುರುಡೆ ತೇಲಿಬಿಡಬೇಕು. ಮುಚ್ಚಳವನ್ನು ಮಾತ್ರ ಹಸಿ ಕತ್ತಾಳೆ ನಾರಿನಲ್ಲೇ ಕಟ್ಟಬೇಕು. ಆ ಕೆರೆಯಲ್ಲಿ ಏಡಿ ಹಿಡಿಯುವವರೆಲ್ಲ ಹಾಗೇ ಮಾಡುತ್ತಿದ್ದರು.

"ನಾರು ಕೊಳೆತು ಹೋಗುತ್ತಲ್ಲ ಓಬಳೇಸಣ್ಣ, ಪ್ರತಿ ವಾರ ಕಟ್ಟೋದು ಯಾರು?" ಅಂದೆ.

"ಕೊಳೀಲಿ ಅಂತಾನೇ ಕಟ್ಟೋದು" ಅಂದ. "ನಾಳೆ ನಂಗೆ ಜ್ವರ ಬತ್ತದೆ ಅನ್ಕೋ, ಇಲ್ಲಾ ಬಸ್ಸಾಕ್ಕಂಡು ಎಲ್ಲಿಗೋ ಹೋಯ್ತೀನಿ. ನಾನು ಬರ್ಲಿಲ್ಲ ಅಂತ ಏಡಿ ಯಾಕೆ ಸಾಯ್ಬೇಕು? ಎಂಟತ್ತು ದಿನಕ್ಕೆ ನಾರು ಬಿಟ್ಕಂತದೆ, ಮುಚ್ಚಳ ಬಿದ್ದೋಯ್ತದೆ, ಒಳಗಿರೋವು ಆಚಿಗೆ ಬತ್ತವೆ. ಅಷ್ಟೇ ಕಣಪ್ಪ."

ನನಗೆ ನಗು ಬಂತು. ತಿನ್ನುವ ಏಡಿಗೆ ಇಷ್ಟು ಉಪಚಾರವೇ ಅನ್ನಿಸಿತು. ಆದರೂ ಒಂದೆರಡು ತಿಂಗಳು ಅವನು ಹೇಳಿದ ಹಾಗೆಯೇ ನಡೆದುಕೊಂಡೆ. ನಂದೇ ಅಂತ ಒಂದು ಕೂಳಿ ಹೆಣೆಸಿಕೊಂಡೆ.

ಆಗ ಸುಬ್ಬಕ್ಕನಿಗೆ ಕೆಮ್ಮು ಹಿಡಿಯಿತು. ನಮ್ಮ ಕಡೆ ಕೆಮ್ಮಿಗೆ ಏಡಿ ಸಾರು ಕುಡಿಸುತ್ತಾರೆ. ಭಾನುವಾರ ಏಡಿ ತಂದೇ ತರುತ್ತೇನೆ, ಮುದ್ದೆಗೆ ಇಟ್ಟಿರು ಅಂತ ಹೇಳಿ ಹೋದೆ. ಹೋಗಿ ನೋಡಿದರೆ ನಾರು ಕಡಿದುಕೊಂಡು ಮುಚ್ಚಳ ಬಾಯಿ ಬಿಟ್ಟಿತ್ತು. ಒಳಗೆ ಕರುಳಿನ ಬಟ್ಟೆಯೂ ಇರಲಿಲ್ಲ. ಏಡಿಗಳು ನನ್ನ ಖರ್ಚಿನಲ್ಲಿ ಊಟ ಮಾಡಿ ಎದ್ದು ಹೋಗಿದ್ದವು. ಬರಿಗೈಯಲ್ಲಿ ಮನೆಗೆ ಬಂದೆ. ಸುಬ್ಬಕ್ಕ ಕೆಮ್ಮುತ್ತಾ ಕೆಮ್ಮುತ್ತಾ ಹುಚ್ಚೆಳ್ಳು ಚಟ್ನಿ ಅರೆದು ತಟ್ಟೆಗೆ ಹಾಕಿದಳು. ಅವಳು ಬೈದಿದ್ದರೆ ನನಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

ಸೋಮವಾರ ಷೆಡ್ಡಿನಲ್ಲಿ ಜಿ.ಐ. ತಂತಿ ತೆಗೆದುಕೊಂಡು ಕೂತೆ. ನೀರಿನಲ್ಲಿ ಬಿದ್ದಿದ್ದರೂ ತುಕ್ಕು ಹಿಡಿಯದ ತಂತಿ. ಮುಚ್ಚಳಕ್ಕೆ ನಾಲ್ಕು ಸುತ್ತು ಹಾಕಿ ಪ್ಲೇಯರಿನಲ್ಲಿ ತಿರುಚಿದೆ. ಬಾಯಿಯ ಸುತ್ತಿನ ಬಿದಿರ ಬಳೆಗೂ ಹಾಕಿದೆ. ಕೈ ಸುಮ್ಮನಿರಲಿಲ್ಲ, ಹಗ್ಗವನ್ನೂ ಬಿಚ್ಚಿ ಬಿಸಾಕಿದೆ. ಸೋರೆಬುರುಡೆ ತೇಲುತ್ತಿದ್ದರೆ ದಾರೀಲಿ ಹೋಗುವವರೆಲ್ಲ ಎತ್ತಿ ನೋಡುತ್ತಾರೆ, ಅದೂ ಬೇಡ ಅಂತ ಹಗ್ಗದ ಬದಲು ಮೂರು ಗಜ ತಂತಿ ಬಿಟ್ಟು, ಅದರ ತುದಿಯನ್ನು ಒಂದು ಗುಂಡುಕಲ್ಲಿಗೆ ಸುತ್ತಿದೆ. ಬಸ್ಸಿನ ಕೆಳಗೆ ಬಿಗಿಯಬಹುದು, ಅಷ್ಟು ಗಟ್ಟಿಯಾಗಿತ್ತು ಆ ಕೂಳಿ. ಓಬಳೇಸುವಿಗೆ ತೋರಿಸಲಿಲ್ಲ. ಬುಧವಾರ ಸಾಯಂಕಾಲ ಒಬ್ಬನೇ ಹೋಗಿ, ತೂಬಿನಿಂದ ಸಾಕಷ್ಟು ದೂರದಲ್ಲಿಯೇ, ಮುಳುಗಿಸಿ ಬಂದೆ. ಎದುರು ದಡದ ಒಂದು ಜಾಲಿ ಗಿಡವನ್ನು ಗುರುತಿಗೆ ಇಟ್ಟುಕೊಂಡೆ.

ಶುಕ್ರವಾರ ನಮ್ಮ ಒಂದು ಬಸ್ಸು ಸೋಮಂದೇಪಲ್ಲಿ ಹತ್ತಿರ ಇಂಜಿನ್ ಹಿಡಿದುಕೊಂಡು ನಿಂತಿತು. ಅದನ್ನು ಹಿಂದೂಪುರಕ್ಕೆ ಎಳೆಸಿಕೊಂಡು ಹೋಗಿ ಅಲ್ಲಿಯ ವರ್ಕ್‌ಷಾಪಿನಲ್ಲಿ ಬಿಚ್ಚಿಸಬೇಕಾಯಿತು. ಜೊತೆಗೆ ನನ್ನನ್ನು ಕಳಿಸಿದರು. ಎರಡು ದಿನದ ಕೆಲಸ ಅಂದುಕೊಂಡು ಹೋದವನು ಮೂರು ವಾರ ಹಿಂದೂಪುರದಲ್ಲಿ ಕೂತೆ. ಪಿಸ್ಟನ್ ಬಂದರೆ ರಿಂಗ್ ಬರಲಿಲ್ಲ, ರಿಂಗ್ ಬಂದರೆ ಅಳತೆ ಸರಿ ಇರಲಿಲ್ಲ. ಆ ಮೂರು ವಾರವೂ ಮಳೆ ಹೊಡೆಯಿತು. ಸಂತೆ ಮೈದಾನದಲ್ಲಿ ಬೆಲ್ಲದ ಗಾಡಿಗಳ ಮೇಲೆ ಗೋಣಿ ಹೊದಿಸಿ ಜನ ಕಾಯುತ್ತಿದ್ದರು. ಕಲ್ಯಾಣದುರ್ಗದ ಕಡೆ ಕೆರೆಗಳು ತುಂಬಿವೆಯಂತೆ ಅಂತ ಬಸ್ಸಿನವರು ಹೇಳಿದರು. ನನ್ನ ಕೂಳಿ ಒಂದು ಸಲ ನೆನಪಾಯಿತು. ತಂತಿ ಅಲ್ಲವೇ, ಎಲ್ಲಿಗೆ ಹೋಗುತ್ತೆ ಅಂದುಕೊಂಡು ಸುಮ್ಮನಾದೆ.

ವಾಪಸು ಬಂದು ನೋಡಿದರೆ ನನ್ನ ಗುರುತಿನ ಜಾಲಿ ಗಿಡ ಸೊಂಟದವರೆಗೆ ನೀರಿನಲ್ಲಿ ನಿಂತಿತ್ತು. ಒಂದು ಗಂಟೆ ಹುಡುಕಿದೆ. ಗುಂಡುಕಲ್ಲು ಸಿಕ್ಕಿತು, ಕೂಳಿ ಇಲ್ಲ. ನುಣುಪು ಕಲ್ಲಿಗೆ ಸುತ್ತಿದ ತಂತಿ ಹಾಗೇ ಜಾರಿ ಹೋಗಿತ್ತು. ನೀರು ತಣ್ಣಗಿತ್ತು, ಬೇಜಾರಾಯಿತು, ಹೋದರೆ ಹೋಯಿತು ಅಂತ ಎದ್ದು ಬಂದೆ.

ಮಾರನೆಯ ದಿನ ಓಬಳೇಸು ಕೇಳಿದ. "ಲೋ ರಾಮಾಂಜಿ, ನೀನು ಊರಿಗೋಗೋ ಮುಂಚೆ ಕೂಳಿ ಎತ್ತಿದ್ದಾ?"

"ಎತ್ತಿದ್ದೆ" ಅಂದೆ.

ಯಾಕೆ ಹಾಗಂದೆನೋ ಗೊತ್ತಿಲ್ಲ. ಇಲ್ಲ ಅಂದಿದ್ದರೆ ಅವನು ನನ್ನ ಜೊತೆ ಬಂದು ಹುಡುಕುತ್ತಿದ್ದ, ನಾಲ್ಕು ಜನಕ್ಕೆ ಹೇಳುತ್ತಿದ್ದ. ತಂತಿಯ ವಿಷಯ ಹೊರಗೆ ಬಂದು ನಾಲ್ಕು ಮಾತು ಕೇಳಬೇಕಾಗುತ್ತಿತ್ತು. ಅದೇ ಕಾರಣ ಇರಬೇಕು.

ಅದಾಗಿ ಒಂದು ತಿಂಗಳ ಮೇಲೆ ಕಾರ್ತೀಕ ಮಾಸದಲ್ಲಿ ಒಂದು ಭಾನುವಾರ ಬೆಳಿಗ್ಗೆ ನಾನೂ ಓಬಳೇಸುವೂ ಸೈಕಲ್ ತುಳಿದುಕೊಂಡು ಕೆರೆಗೆ ಹೋದೆವು. ಏರಿಯ ಮೇಲೆ ಜನವೋ ಜನ. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದರು. ಸೈಕಲ್ ನಿಲ್ಲಿಸಿ ಏರಿ ಹತ್ತಿದೆವು.

ಆ ಕೆರೆಯ ತೂಬು ಹಳೆಯ ಕಾಲದ್ದು. ಏರಿಯಿಂದ ನಾಲ್ಕೈದು ಗಜ ಆಚೆ ನೀರಿನಲ್ಲಿ ಎರಡು ಕಲ್ಲುಕಂಬ, ಮಧ್ಯೆ ಅಡ್ಡಗಲ್ಲುಗಳು. ಕೆಳಗೆ ನೀರಿನೊಳಗೆ ಒಂದು ಚಪ್ಪಡಿ, ಚಪ್ಪಡಿಯಲ್ಲಿ ತೂತು, ತೂತಿಗೆ ಒಂದು ಉದ್ದನೆಯ ಮರದ ಗೂಟ. ಗೂಟ ಎತ್ತಿದರೆ ಗದ್ದೆಗೆ ನೀರು, ಇಳಿಸಿದರೆ ಬಂದ್. ಈ ಕೆಲಸ ಮಾಡುವವನನ್ನು ನೀರುಗಂಟಿ ಅನ್ನುತ್ತಾರೆ. ತಲೆತಲಾಂತರದಿಂದ ಒಂದೇ ಮನೆತನದವರು ಮಾಡುವ ಕೆಲಸ. ಅಲ್ಲಿಯ ನೀರುಗಂಟಿಯ ಹೆಸರು ಮಾರೆಪ್ಪ, ನಲವತ್ತು ವರ್ಷದ ಆಸಾಮಿ. ನಮಗೆ ಮುಖ ಪರಿಚಯ ಇತ್ತು, ಏಡಿ ಹೆಚ್ಚಾದರೆ ಓಬಳೇಸು ಅವನಿಗೂ ಎರಡು ಕೊಡುತ್ತಿದ್ದ.

ಜನ ಹೇಳಿದ್ದು ಇಷ್ಟು. ಭತ್ತದ ಗದ್ದೆಗೆ ಅಂತ ಎರಡು ದಿನದ ಹಿಂದೆ ಗೂಟ ಎತ್ತಿದ್ದರು. ನಿನ್ನೆಯಿಂದ ನೀರು ಸಣ್ಣಗಾಗಿ ಇವತ್ತು ನಿಂತೇ ಹೋಗಿತ್ತು. ಏನೋ ಅಡ್ಡ ಕೂತಿದೆ ಅಂತ ಮಾರೆಪ್ಪ ಮುಳುಗಿ ಕೈ ಆಡಿಸಿದ್ದಾನೆ. ಕೆಸರು ನೀರು, ಕಣ್ಣಿಗೆ ಏನೂ ಕಾಣದು. ಬುಟ್ಟಿಯ ಥರ ಏನೋ ಸಿಕ್ಕಿದೆ. ಹಿಡಿದೆಳೆಯಲು ಕೈ ತೂರಿಸಿದ್ದಾನೆ. ಕೈ ಮೊಳಕೈವರೆಗೆ ಒಳಗೆ ಹೋಗಿದೆ, ವಾಪಸು ಬಂದಿಲ್ಲ.

ನೋಡಿದೆ. ಮಾರೆಪ್ಪ ಎರಡು ಕಂಬದ ಮಧ್ಯೆ ಇದ್ದ. ಕತ್ತು ಹಿಂದಕ್ಕೆ ಬಗ್ಗಿಸಿ ಮುಖವನ್ನು ಆಕಾಶಕ್ಕೆ ಮಾಡಿದ್ದ. ಹಣೆ, ಮೂಗು, ಬಾಯಿ ಇಷ್ಟೇ ನೀರಿನ ಮೇಲೆ. ಸಣ್ಣ ಅಲೆ ಬಂದರೂ ಬಾಯಿಗೆ ನೀರು ಹೋಗುತ್ತಿತ್ತು, ಉಗುಳುತ್ತಿದ್ದ. ಅವನ ತಮ್ಮ ಕೆಳಗಿನ ಅಡ್ಡಗಲ್ಲಿನ ಮೇಲೆ ಕೂತು ಗದ್ದಕ್ಕೆ ಕೈ ಕೊಟ್ಟು ಎತ್ತಿ ಹಿಡಿದಿದ್ದ. ಏರಿಯ ಆ ಪಕ್ಕ ಜನ ಓಡಿ ಹೋಗಿ ತೂಬಿನ ಹೊರಬಾಯಿಗೆ ಹುಲ್ಲು, ಮಣ್ಣು ತುರುಕಿ ಮುಚ್ಚಿದ್ದರು. ನೀರಿನ ಸೆಳೆತ ನಿಂತಿತ್ತು. ಆದರೂ ಆ ಬುಟ್ಟಿ ಮೇಲೆ ಬರಲಿಲ್ಲ.

ತಮ್ಮ ಇನ್ನೊಬ್ಬನ ಕೈಗೆ ಅಣ್ಣನ ಗದ್ದ ಕೊಟ್ಟು, ಕುಡುಗೋಲು ಹಿಡಿದು ಮುಳುಗಿದ. ಎದ್ದು ಉಸಿರು ಎಳೆದುಕೊಂಡು ಕೂಗಿದ. "ಕೂಳಿ! ಏಡಿ ಕೂಳಿ! ಹಗ್ಗ ಅಲ್ರೋ, ತಂತಿ! ಗೂಟಕ್ಕೂ ಕಂಬಕ್ಕೂ ಸುತ್ಕಂಡದೆ! ಕುಡ್ಲು ಜಾರ್ತದೆ!"

ಕಲ್ಲಿನಿಂದ ಜಾರಿದ ನನ್ನ ಕೂಳಿ ನೀರಿನ ಸೆಳೆತಕ್ಕೆ ತೂಬಿಗೆ ಬಂದು ಕೂತಿತ್ತು.

"ಯಾವ ಬೇವರ್ಸಿ ನನ್ಮಗ ತಂತಿ ಕಟ್ಟಿದ್ದು?" ಅಂತ ಪಕ್ಕದಲ್ಲಿದ್ದವನು ಅಂದ. ಇನ್ನೊಬ್ಬ, "ಸಿಕ್ಲಿ, ಇದೇ ಏರೀಲಿ ಹೂತಾಕ್ಬುಡ್ತೀವಿ" ಅಂದ. ಹೇಳುವುದಕ್ಕೆ ಹೇಳಿದ ಮಾತು ಅಲ್ಲ ಅದು. ಅಷ್ಟು ಗದ್ದೆಯ ನೀರು, ಮೇಲೆ ಒಬ್ಬ ಮನುಷ್ಯನ ಪ್ರಾಣ.

ಪ್ಲೇಯರ್ ನನ್ನ ಜೇಬಿನಲ್ಲೇ ಇತ್ತು. ಎರಡು ಸಲ ಕೈ ಹಾಕಿ ಮುಟ್ಟಿ ನೋಡಿದೆ. ಈಗ ನೀವು ಕೇಳಬಹುದು: ನನ್ನ ಹತ್ತಿರ ಪ್ಲೇಯರ್ ಇದೆ ಅಂತ ಕೊಟ್ಟಿದ್ದರೆ ಸಾಕಿತ್ತಲ್ಲ, ಕೂಳಿ ನಂದು ಅಂತ ಯಾಕೆ ಹೇಳಬೇಕಿತ್ತು? ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ಹೊತ್ತಿಗೆ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಪ್ಲೇಯರ್ ಹೊರಗೆ ತೆಗೆದರೆ ಮೆಕ್ಯಾನಿಕ್, ಮೆಕ್ಯಾನಿಕ್ ಅಂದರೆ ತಂತಿ, ತಂತಿ ಅಂದರೆ ನಾನು. ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತು. ಪ್ಲೇಯರನ್ನು ಜೇಬಿನಲ್ಲೇ ಬಿಟ್ಟು ಕೈ ಹೊರಗೆ ತೆಗೆದೆ.

ಒಬ್ಬ ಹೊಸ ಕುಡುಗೋಲು ತಂದ. ಅದೂ ಜಾರಿತು. ಒಬ್ಬ ಕೊಡಲಿ ಅಂದ, ನೀರಿನೊಳಗೆ ಕೊಡಲಿ ಬೀಸಿದರೆ ಕೈಯೇ ಹೋಗುತ್ತೆ ಅಂತ ಇನ್ನೊಬ್ಬ ಬೈದ. ಕೈ ಹಿಡಿದು ಎಳೆದರು. ಮಾರೆಪ್ಪ ಕಿರುಚಿದ, ನೀರು ಕುಡಿದ, ಕೆಮ್ಮಿದ. ಮಾರೆಪ್ಪನ ಹೆಂಡತಿ ಏರಿಯ ಕಲ್ಲಿನ ಮೇಲೆ ಕೂತು "ದೇವುಡಾ, ದೇವುಡಾ" ಅನ್ನುತ್ತಿದ್ದಳು, ಬೇರೇನೂ ಅನ್ನುತ್ತಿರಲಿಲ್ಲ. ಅವನ ತುಟಿ ನೀಲಿಗೆ ತಿರುಗಿತ್ತು.

ಓಬಳೇಸು ನನ್ನ ಪಕ್ಕದಲ್ಲೇ ಇದ್ದ. ನನ್ನ ಕಡೆ ತಿರುಗಲಿಲ್ಲ. ನೀರನ್ನೇ ನೋಡುತ್ತಾ ಮೆಲ್ಲಗೆ, "ಎತ್ತಿದ್ದೆ ಅಂತ ನೀನೇ ಅಂದಿದ್ದೆ ಕಣ್ಲಾ ರಾಮಾಂಜಿ" ಅಂದ. ಅಷ್ಟೇ ಅಂದದ್ದು.

ಆಗ ಬಾಯಿಂದ ಬಂತು. ಕನ್ನಡದಲ್ಲಿ ಅಲ್ಲ, ತೆಲುಗಿನಲ್ಲಿ ಬಂತು. "ಅದಿ ನಾದೇ" ಅಂದೆ, ಅದು ನಂದೇ ಅಂತ. ಪಕ್ಕದವನು "ಏಂದಿ?" ಅಂತ ತಿರುಗಿದ. "ಕೂಳಿ ನಂದು. ತಂತಿ ನಾನೇ ಕಟ್ಟಿದ್ದು. ದಾರಿ ಬಿಡಿ, ಕತ್ತರಿಸ್ತೀನಿ" ಅಂತ ಶರ್ಟು ಬಿಚ್ಚಿ ಬಿಸಾಕಿ ನೀರಿನ ಕಡೆ ಓಡಿದೆ. ಬೆನ್ನಿಗೆ ಯಾರೋ ಗುದ್ದಿದ್ದು ಗೊತ್ತಾಯಿತು. ಅದೇ ವೇಗದಲ್ಲಿ ನೀರಿಗೆ ಬಿದ್ದೆ.

ಊರ ಬಾವಿಯಲ್ಲಿ ಈಜು ಕಲಿತವನು ನಾನು, ಮುಳುಗುವುದು ಕಷ್ಟವಾಗಲಿಲ್ಲ. ಕಣ್ಣು ಬಿಟ್ಟರೆ ಬರೀ ಕೆಂಪು ಕತ್ತಲೆ. ಕೈಯಿಂದಲೇ ತಡಕಿದೆ. ಮೊದಲು ಮಾರೆಪ್ಪನ ಕಾಲು ಸಿಕ್ಕಿತು, ಬಿಗಿಯಾಗಿ ಚಪ್ಪಡಿಗೆ ಒತ್ತಿಕೊಂಡಿತ್ತು. ಆಮೇಲೆ ಗೂಟ, ಗೂಟದ ಸುತ್ತ ನನ್ನ ತಂತಿ. ಪ್ಲೇಯರ್ ಬಾಯಿಗೆ ತಂತಿ ಕೊಟ್ಟು ಅಮುಕಿದೆ, ಜಾರಿತು. ಉಸಿರು ಮುಗಿಯಿತು, ಮೇಲೆ ಬಂದೆ. ಯಾರು ಏನು ಅಂತಿದ್ದಾರೋ ಕೇಳಿಸಲಿಲ್ಲ. ಎರಡನೇ ಸಲ ಎರಡೂ ಕೈ ಹಾಕಿ ಅಮುಕಿದೆ. ಟಕ್ ಅಂದದ್ದು ಕಿವಿಗಿಂತ ಕೈಗೆ ಗೊತ್ತಾಯಿತು. ಮೂರನೇ ಸಲ ಕಂಬದ ಕಡೆಯದು. ಕೂಳಿ ಅಲ್ಲಾಡಿತು. ಕೆಳಗಿನಿಂದ ನಾನು ನೂಕಿದೆ, ಮೇಲಿನಿಂದ ಅವನ ತಮ್ಮ ಎಳೆದ. ಕೈ, ಕೂಳಿ ಎಲ್ಲ ಒಟ್ಟಿಗೆ ಮೇಲೆ ಬಂತು.

ಮಾರೆಪ್ಪನನ್ನು ಏರಿಯ ಮೇಲೆ ಮಲಗಿಸಿದರು. ಬಾಯಿಯ ಬಳೆಗೆ ನಾನು ಹಾಕಿದ್ದ ತಂತಿಯನ್ನು ನಾನೇ ಕತ್ತರಿಸಿ, ಕಡ್ಡಿಗಳನ್ನು ಒಂದೊಂದಾಗಿ ಮುರಿದು ಕೈ ಬಿಡಿಸಿದೆ. ಮೊಳಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದು ಹೋಗಿತ್ತು. ಮೂಳೆ ಮುರಿದಿರಲಿಲ್ಲ. ಟವೆಲ್ ಸುತ್ತಿ ಎತ್ತಿನ ಗಾಡಿಯಲ್ಲಿ ಕಲ್ಯಾಣದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಾಡಿಯ ಹಿಂದೆ ಓಬಳೇಸು ಸೈಕಲ್‌ನಲ್ಲಿ ಹೋದ.

ಮಿಕ್ಕವರು ಕೂಳಿಯ ಸುತ್ತ ಸೇರಿದರು. ನಾನು ಕಟ್ಟಿದ್ದ ಮುಚ್ಚಳ ಒಂದು ಕೂದಲೂ ಸಡಿಲವಾಗಿರಲಿಲ್ಲ. ಅದನ್ನೂ ಕತ್ತರಿಸಿ ಮಗುಚಿದೆ. ವಾಸನೆಗೆ ಜನ ಹಿಂದೆ ಸರಿದರು. ಬರೀ ಚಿಪ್ಪು, ಬೊಗಸೆ ಬೊಗಸೆ ಚಿಪ್ಪು. ಮೊದಲು ಬಿದ್ದವು ಸತ್ತಿವೆ, ಅವುಗಳ ವಾಸನೆಗೆ ಬೇರೆಯವು ಬಂದಿವೆ, ಅವೂ ಸತ್ತಿವೆ. ನಾನು ಇಟ್ಟ ಕೋಳಿ ಕರುಳು ಎರಡು ದಿನಕ್ಕೆ ಮುಗಿದಿರಬೇಕು. ಆಮೇಲೆ ಸತ್ತವುಗಳೇ ಬದುಕಿರುವವಕ್ಕೆ ಕರುಳಾಗಿದ್ದವು. ಅಂಗೈ ಅಗಲದ ಒಂದು ಆಮೆ ಕೂಡ ಇತ್ತು, ಕತ್ತು ಕಡ್ಡಿಗಳ ಮಧ್ಯೆ ಸಿಕ್ಕಿಸಿಕೊಂಡು ಸತ್ತಿತ್ತು. ಒಂದೇ ಒಂದು ಏಡಿಗೆ ಜೀವ ಇತ್ತು. ಕೊಂಡಿ ಒಂದೂ ಇರಲಿಲ್ಲ. ಅದನ್ನು ನೀರಿಗೆ ಬಿಟ್ಟೆ. ಬದುಕಿತೋ ಇಲ್ಲವೋ ತಿಳಿಯದು.

ಹೊಡೆತ ಬಿತ್ತು, ಸುಳ್ಳು ಹೇಳುವುದಿಲ್ಲ. ನಾಲ್ಕೈದು ಬಿದ್ದವು. ಊರಿನ ಹಿರಿಯರೊಬ್ಬರು ಬಂದು ಬಿಡಿಸಿದರು. "ಹೊಡೆದ್ರೆ ಗದ್ದೆಗೆ ನೀರು ಬತ್ತದೇನ್ರೋ? ಮಾರೆಪ್ಪನ ಕೈ ವಾಸಿಯಾಗೋ ತನಕ ತೂಬು ಎತ್ತೋನು ಇಳಿಸೋನು ಇವನೇ. ತಪ್ಪಿಸ್ಕಂಡ್ರೆ ಆಮೇಲೆ ನೋಡನ" ಅಂದರು. ಮಾರೆಪ್ಪನ ತಮ್ಮನಿಗೆ ಬೇರೆ ಊರಿನ ಕೆರೆಯ ಕೆಲಸ ಇತ್ತು. ನೀರುಗಂಟಿಯ ಕೆಲಸ ನಿಂತರೆ ಸುಗ್ಗಿಯಲ್ಲಿ ಕಣದಿಂದ ಮಾರೆಪ್ಪನ ಮನೆಗೆ ಬರುವ ಭತ್ತವೂ ನಿಲ್ಲುತ್ತಿತ್ತು. ನಾನು ಒಪ್ಪಿಕೊಂಡೆ.

ಎರಡು ತಿಂಗಳಿಗಿಂತ ಹೆಚ್ಚು ದಿನ ಮುಂಜಾನೆ ನಾಲ್ಕೂವರೆಗೆ ಎದ್ದು ಮೂರು ಮೈಲಿ ತುಳಿದು ಹೋಗಿ ತೂಬು ಎತ್ತಿ, ಎಂಟಕ್ಕೆ ಷೆಡ್ಡಿಗೆ ಬರುತ್ತಿದ್ದೆ. ಸಾಯಂಕಾಲ ಮತ್ತೆ ಹೋಗಿ ಇಳಿಸುತ್ತಿದ್ದೆ. ಮೊದಮೊದಲು ಮಾರೆಪ್ಪ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಏರಿಯ ಮೇಲೆ ಕೂತು "ಇನ್ನೊಂದು ಗೇಣು ಎತ್ತು", "ಸಾಕು, ಬಿಡು", "ಕೆಳಗಲ ಮಡಿಯೋರು ಬೈತಾರೆ, ಇಳಿಸು" ಅನ್ನುತ್ತಿದ್ದ. ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ನಾನಾಗಿ ಆ ದಿನದ ಮಾತು ಎತ್ತಲಿಲ್ಲ. ಎತ್ತಲು ಹೆದರಿಕೆ ಆಗುತ್ತಿತ್ತು. ಕ್ರಮೇಣ ಬೀಡಿ ಕೊಡುವಷ್ಟು ಸಲಿಗೆ ಬೆಳೆಯಿತು. ಸುಬ್ಬಕ್ಕ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಅವನಿಗೂ ಒಂದು ಇರುತ್ತಿತ್ತು.

ಅಷ್ಟರಲ್ಲಿ ಆ ಕಡೆಯ ಹಳ್ಳಿಗಳಲ್ಲಿ ಕಥೆಯ ಬಣ್ಣ ಬದಲಾಗಿತ್ತು. ನೀರುಗಂಟಿ ಮುಳುಗುತ್ತಿದ್ದನಂತೆ, ಬಸ್ಸಿನ ಷೆಡ್ಡಿನ ಮೆಕ್ಯಾನಿಕ್ ಹಿಂದೆ ಮುಂದೆ ನೋಡದೆ ನೀರಿಗೆ ಹಾರಿ ಉಳಿಸಿದನಂತೆ ಅಂತ. ಬಸ್ಸಿನಲ್ಲಿ ಜನ ನನ್ನನ್ನು ತೋರಿಸಿ ಮಾತಾಡುತ್ತಿದ್ದರು. ಕೂಳಿ ಯಾರದ್ದು ಅನ್ನುವುದು ಆ ಕಥೆಯಲ್ಲಿ ಉದುರಿ ಹೋಗಿತ್ತು. ನಾನೂ ತಿದ್ದಲಿಲ್ಲ. ಸ್ವಲ್ಪ ಹಿತವೇ ಅನಿಸುತ್ತಿತ್ತು, ನಾಚಿಕೆಗೇಡಿನ ಮಾತಾದರೂ ಹೇಳುತ್ತೇನೆ.

ಭತ್ತ ಹಳದಿಗೆ ತಿರುಗಿ ಇನ್ನು ನೀರು ಬೇಡ ಅಂತಾದ ದಿನ ಗೂಟವನ್ನು ಭದ್ರವಾಗಿ ಇಳಿಸಿ ಏರಿಗೆ ಬಂದೆ. ಮಾರೆಪ್ಪನ ಕೈಯ ಬ್ಯಾಂಡೇಜು ಹೋಗಿತ್ತು. ಗಾಯ ಮಾಗಿ ಚರ್ಮ ಬೆಳ್ಳಗಾಗಿತ್ತು. ಮುಷ್ಟಿ ಕಟ್ಟಿ ಬಿಚ್ಚಿ ತೋರಿಸಿದ. ಕಿರುಬೆರಳೊಂದು ಬಿಟ್ಟು ಎಲ್ಲ ಮಡಚುತ್ತಿದ್ದವು.

"ನಾಳೆಯಿಂದ ಬರೋದು ಬ್ಯಾಡ ಕಣಪ್ಪ" ಅಂದ.

ಅವತ್ತು ಧೈರ್ಯ ಮಾಡಿದೆ. "ಮಾರೆಪ್ಪಣ್ಣ, ನಂದು ತಪ್ಪಾಯ್ತು. ನಾನು ಆವತ್ತು ಇನ್ನೂ ಸ್ವಲ್ಪ ಮುಂಚೆ ಹೇಳಬೇಕಾಗಿತ್ತು" ಅಂದೆ. 'ಸ್ವಲ್ಪ' ಅನ್ನುವ ಮಾತನ್ನು ಬೇಕೆಂದೇ ಹಾಕಿದ್ದೆ. ನಾನು ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆ ಅನ್ನುವುದು ಓಬಳೇಸು ಒಬ್ಬನಿಗೇ ಗೊತ್ತು ಅಂದುಕೊಂಡಿದ್ದೆ.

"ಗೊತ್ತು" ಅಂದ ಮಾರೆಪ್ಪ. "ನೀನು ಏರಿ ಹತ್ತಿ ಬಂದಾಗಿಂದ ನೋಡ್ತಿದ್ದೆ. ಮುಖ ಮೇಲಕ್ಕಿತ್ತಲ್ಲ, ನಂಗೆ ಕಾಣ್ತಿದ್ದಿದ್ದೇ ಎರಡು. ಆಕಾಶ, ಏರಿ ಮ್ಯಾಗಳ ಜನ. ತಂತಿ ಅಂತ ನನ್ ತಮ್ಮ ಕೂಗಿದ ನೋಡು, ಆವಾಗ ಎಲ್ರೂ ಬಾಯಿ ಮಾಡಿದ್ರು, ನೀನೊಬ್ನೇ ಜೇಬು ತಡವಿಕೊಂಡೆ. ಇನ್ನೊಂದು ಸಲ ತಡವಿಕೊಂಡೆ. ಓಹೋ, ಇವಂದೇ ಇದು ಅಂದ್ಕಂಡೆ. ಕತ್ತರಿಸೋದು ಇವನ ಜೇಬಲ್ಲೇ ಅದೆ ಅಂತಾನೂ ಗೊತ್ತಾಯ್ತು."

ನಾನು ಅವನ ಎದುರಿಗೆ ಬಂದು ಕೂತೆ.

"ಮತ್ತೆ ಯಾಕಣ್ಣ ಕೂಗಲಿಲ್ಲ? ಇವನೇ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತಲ್ಲ? ನೀರು ಕುಡೀತಾ ಯಾಕೆ ಸುಮ್ಮನಿದ್ದೆ?"

ಅವನು ಬೀಡಿಯ ಬೂದಿ ಕೊಡವಿದ. ಸಿಟ್ಟಿರಲಿಲ್ಲ, ಹಂಗಿಸುವ ದನಿಯೂ ಇರಲಿಲ್ಲ.

"ಕೂಗಿದ್ರೆ ನೀನು ಓಡೋಗ್ಬುಡ್ತಿದ್ದೆ" ಅಂದ. "ಓಡೋದ್ರೆ ಪ್ಲೇಯರೂ ಹೋಯ್ತಿತ್ತು. ನೀನಾಗೇ ಬರ್ಲಿ ಅಂತ ಕಾದೆ."

ಇದಾಗಿ ಎಷ್ಟೋ ವರ್ಷಗಳಾದವು. ಈಗ ಹಿಂದೂಪುರದಲ್ಲೇ ಇದ್ದೇನೆ. ಮಾರೆಪ್ಪ ತನ್ನ ಊರಿನಲ್ಲಿ, ತನ್ನ ಮನೆಯಲ್ಲಿ, ವಯಸ್ಸಾಗಿ ಹೋದ. ಓಬಳೇಸುವೂ ಇಲ್ಲ. ನಾನು ಕೈಕಾಲು ಗಟ್ಟಿ ಇರುವ ತನಕ ಏಡಿ ಹಿಡಿಯಲು ಹೋಗುತ್ತಿದ್ದೆ, ಕತ್ತಾಳೆ ನಾರು ಕಟ್ಟಿಯೇ. ಎಷ್ಟು ಕೂಳಿ ಇಟ್ಟೆನೋ ಅಷ್ಟನ್ನೂ ಎತ್ತಿಕೊಂಡೇ ಮನೆಗೆ ಬರುತ್ತಿದ್ದೆ. ಅದನ್ನು ಕಲಿತೆ, ಅದು ಕಷ್ಟವಾಗಲಿಲ್ಲ.

ಆದರೆ ಆವತ್ತು ಏರಿಯ ಮೇಲೆ, ಇಲ್ಲ ಮಾರೆಪ್ಪಣ್ಣ, ನಾನು ಓಡುತ್ತಿರಲಿಲ್ಲ ಅಂತ ಹೇಳಲು ಬಾಯಿ ತೆರೆದೆ. ಮಾತು ಬರಲಿಲ್ಲ. ಈಗಲೂ ಒಬ್ಬನೇ ಇದ್ದಾಗ ಹೇಳಿ ನೋಡುತ್ತೇನೆ. ಬರುವುದಿಲ್ಲ.